ವಾಲ್ಟರ್ ಡ್ಯಾಂಡಿ

ವಾಲ್ಟರ್ ಎಡ್ವರ್ಡ್ ಡ್ಯಾಂಡಿ (ಏಪ್ರಿಲ್ 6, 1886 – ಏಪ್ರಿಲ್ 19, 1946) ಅಮೆರಿಕದ ನರಶಸ್ತ್ರಚಿಕಿತ್ಸಕರು ಮತ್ತು ಸಂಶೋಧಕರು. ನರಶಸ್ತ್ರಚಿಕಿತ್ಸೆಯನ್ನು ಒಂದು ಸ್ವತಂತ್ರ ವೈದ್ಯಕೀಯ ಶಾಖೆಯಾಗಿ ರೂಪಿಸಿದವರಲ್ಲಿ ಇವರೂ ಒಬ್ಬರೆಂದು ಪರಿಗಣಿಸಲಾಗುತ್ತದೆ. ಮೆದುಳಿನ ಸುತ್ತ ಯಾವುದೇ ಪೆಟ್ಟಿಲ್ಲದೆ ತಾನಾಗಿಯೇ ಉಂಟಾಗುವ ರಕ್ತಸ್ರಾವಕ್ಕೆ (ಸಬ್‌ಅರಾಕ್ನಾಯ್ಡ್ ರಕ್ತಸ್ರಾವ) ಮುಖ್ಯ ಕಾರಣವಾದ ಅಪಧಮನಿಯ ಉಬ್ಬನ್ನು, ಅದರ ಕತ್ತಿನ ಭಾಗದಲ್ಲಿ ಲೋಹದ ಕ್ಲಿಪ್ ಹಾಕಿ ಮುಚ್ಚುವ ಶಸ್ತ್ರಚಿಕಿತ್ಸೆಯನ್ನು 1937ರಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ನಡೆಸಿದವರು ಇವರೇ. ಮೆದುಳು-ಬೆನ್ನುಹುರಿ ದ್ರವದ ಹರಿವನ್ನು ಕುರಿತ ಸಂಶೋಧನೆ, ಮೆದುಳಿನ ಕುಹರಗಳನ್ನು ಎಕ್ಸ್-ರೇಯಲ್ಲಿ ಕಾಣಿಸುವ ವಿಧಾನ, ಶಸ್ತ್ರಚಿಕಿತ್ಸೆಯ ನಂತರದ ವಿಶೇಷ ನಿಗಾ ವ್ಯವಸ್ಥೆ ಇವು ಇವರ ಇತರ ಮುಖ್ಯ ಕೊಡುಗೆಗಳು. ಇವರ ವೃತ್ತಿಜೀವನವೆಲ್ಲ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿಯೇ ಕಳೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಡ್ಯಾಂಡಿಯವರು ಅಮೆರಿಕದ ಮಿಸೌರಿ ರಾಜ್ಯದ ಸೆಡೇಲಿಯಾ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಾನ್ ಡ್ಯಾಂಡಿ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದಿಂದಲೂ ತಾಯಿ ರೇಚಲ್ ಕಿಲ್‌ಪ್ಯಾಟ್ರಿಕ್ ಐರ್ಲೆಂಡಿನ ಆರ್ಮಾ ಪ್ರಾಂತ್ಯದಿಂದಲೂ ವಲಸೆ ಬಂದವರು. ತಂದೆ ರೈಲು ಎಂಜಿನ್ ಚಾಲಕರಾಗಿದ್ದರು. ದಂಪತಿಗೆ ವಾಲ್ಟರ್ ಒಬ್ಬನೇ ಮಗ. 1903ರಲ್ಲಿ ತರಗತಿಗೆ ಮೊದಲಿಗನಾಗಿ ಪ್ರೌಢಶಾಲೆಯನ್ನು ಮುಗಿಸಿದ ಅವರು 1907ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಪದವಿ ಪಡೆದರು. ಅಲ್ಲಿದ್ದಾಗಲೇ ವೈದ್ಯಕೀಯದ ಮೊದಲ ಹಂತದ ಪಾಠಗಳನ್ನು ಮುಗಿಸಿದ್ದರಿಂದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶ ದೊರೆಯಿತು. 1910ರಲ್ಲಿ, 24ನೆಯ ವಯಸ್ಸಿನಲ್ಲಿ ವೈದ್ಯರಾದರು. ವಿದ್ಯಾರ್ಥಿಯಾಗಿದ್ದಾಗ ಅಂಗರಚನಾ ವಿಜ್ಞಾನಿ ಫ್ರಾಂಕ್ಲಿನ್ ಮಾಲ್ ಅವರ ಪ್ರಯೋಗಾಲಯದಲ್ಲಿ ಸುಮಾರು 2 ಮಿಲಿಮೀಟರ್ ಉದ್ದದ ಮಾನವ ಭ್ರೂಣವೊಂದನ್ನು ಅಧ್ಯಯನ ಮಾಡಿ ಬರೆದ ಲೇಖನ ಅದೇ ವರ್ಷ ಪ್ರಕಟವಾಯಿತು.

ಹಾರ್ವೆ ಕುಶಿಂಗ್ ಮತ್ತು ವೈಮನಸ್ಯ

ಆ ಕಾಲದಲ್ಲಿ ಹಾಪ್ಕಿನ್ಸ್‌ನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಹೆಸರಾಗಿದ್ದವರು ಹಾರ್ವೆ ಕುಶಿಂಗ್. ಅವರ ಅಧೀನದಲ್ಲಿದ್ದ ಹಂಟೇರಿಯನ್ ಪ್ರಯೋಗಾಲಯದಲ್ಲಿ ಡ್ಯಾಂಡಿಯವರು 1910ರಿಂದ ಒಂದು ವರ್ಷ ಪ್ರಾಣಿಗಳ ಮೇಲಿನ ಶಸ್ತ್ರಚಿಕಿತ್ಸಾ ಸಂಶೋಧನೆಯಲ್ಲಿ ತೊಡಗಿದ್ದರು. ಬಳಿಕ ಆಸ್ಪತ್ರೆಯಲ್ಲಿ ಕುಶಿಂಗ್ ಅವರಿಗೆ ಸಹಾಯಕರಾದರು. ಇಬ್ಬರೂ ಪ್ರತಿಭಾವಂತರು, ಇಬ್ಬರೂ ಹಟವಾದಿಗಳು. ಅವರ ನಡುವಿನ ಸಂಬಂಧ ಬಹುಬೇಗ ಕೆಟ್ಟಿತು. 1912ರಲ್ಲಿ ಕುಶಿಂಗ್ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಗೆ ಹೊರಟಾಗ ತಮ್ಮನ್ನೂ ಕರೆದೊಯ್ಯುವರೆಂದು ಡ್ಯಾಂಡಿ ನಂಬಿದ್ದರು. ಆದರೆ ಕುಶಿಂಗ್ ಅವರನ್ನು ಬಿಟ್ಟುಹೋದರು. ಹಾಪ್ಕಿನ್ಸ್‌ನಲ್ಲಿಯೂ ನಿಶ್ಚಿತ ಸ್ಥಾನವಿಲ್ಲದೆ ಕೆಲಕಾಲ ಅತಂತ್ರರಾಗಿದ್ದ ಡ್ಯಾಂಡಿಯವರಿಗೆ ಆಸ್ಪತ್ರೆಯ ಆಡಳಿತಾಧಿಕಾರಿ ವಿನ್‌ಫರ್ಡ್ ಸ್ಮಿತ್ ನೆರವಾದರು. ಮುಂದೆ ಮುಖ್ಯ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಅವರ ವಿಭಾಗದಲ್ಲಿ ತರಬೇತಿ ಮುಂದುವರಿಯಿತು.

ಈ ವೈಮನಸ್ಯ ಕುಶಿಂಗ್ ಅವರು 1939ರಲ್ಲಿ ನಿಧನರಾಗುವವರೆಗೂ ಪೂರ್ತಿಯಾಗಿ ಶಮನವಾಗಲಿಲ್ಲ. ಶ್ರವಣ ನರದ ಮೇಲೆ ಬೆಳೆಯುವ ಗೆಡ್ಡೆಯನ್ನು ಒಳಗಿನಿಂದ ಕೆರೆದು ತೆಗೆದು ಅದರ ಕವಚವನ್ನು ಹಾಗೆಯೇ ಬಿಡುವುದು ಸುರಕ್ಷಿತವೆಂದು ಕುಶಿಂಗ್ ಬೋಧಿಸುತ್ತಿದ್ದರು. 1922ರಲ್ಲಿ ಡ್ಯಾಂಡಿಯವರು ಗೆಡ್ಡೆಯನ್ನು ಕವಚಸಹಿತ ಸಂಪೂರ್ಣವಾಗಿ ತೆಗೆಯುವ ವಿಧಾನವನ್ನು ಕುರಿತು ಕಿರುಬರಹವೊಂದನ್ನು ಪ್ರಕಟಿಸಿದಾಗ ಕುಶಿಂಗ್ ಅವರಿಂದ ಕಟುವಾದ ಪತ್ರ ಬಂತು. ಹಿಂದಿನವರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ನೀಡಿಲ್ಲವೆಂಬುದು ಅವರ ಆಕ್ಷೇಪವಾಗಿತ್ತು. ಆಕ್ಷೇಪ ನಿರಾಧಾರವಾಗಿತ್ತೆಂದು ಹೇಳಲಾಗದು. ಡ್ಯಾಂಡಿಯವರ ಬರಹಗಳಲ್ಲಿ ಇತರರ ಋಣ ಸ್ಮರಣೆ ಕಡಿಮೆಯೇ. ಆದರೆ ಡ್ಯಾಂಡಿಯವರು ಅತ್ಯಂತ ಪ್ರಸಿದ್ಧವಾದ ತಮ್ಮ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಬೆಳ್ಳಿಯ ಕ್ಲಿಪ್, ರಕ್ತಸ್ರಾವವನ್ನು ತಡೆಯಲು ಕುಶಿಂಗ್ ಅವರೇ 1911ರಲ್ಲಿ ಪರಿಚಯಿಸಿದ ಸಾಧನದಿಂದ ಬೆಳೆದದ್ದು.

ದ್ರವ ಮತ್ತು ಗಾಳಿ

ಮೆದುಳಿನ ಒಳಗಿನ ಕುಹರಗಳಲ್ಲಿಯೂ ಹೊರಗಿನ ಪೊರೆಗಳ ನಡುವೆಯೂ ತಿಳಿಯಾದ ದ್ರವವೊಂದು ಸದಾ ಹರಿಯುತ್ತಿರುತ್ತದೆ. ಅದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹೀರಲ್ಪಡುತ್ತದೆ ಎಂಬುದು ಆಗ ಖಚಿತವಾಗಿರಲಿಲ್ಲ. ಮಕ್ಕಳ ತಜ್ಞ ಕೆನ್ನೆತ್ ಬ್ಲ್ಯಾಕ್‌ಫ್ಯಾನ್ ಅವರೊಂದಿಗೆ ಸೇರಿ ಡ್ಯಾಂಡಿಯವರು 1913 ಮತ್ತು 1914ರಲ್ಲಿ ಪ್ರಕಟಿಸಿದ ಲೇಖನಗಳು ಈ ಪ್ರಶ್ನೆಗೆ ಪ್ರಾಯೋಗಿಕ ಉತ್ತರ ನೀಡಿದವು. ನಾಯಿಗಳ ಮೆದುಳಿನ ಕುಹರಗಳನ್ನು ಜೋಡಿಸುವ ಕಿರಿದಾದ ನಾಳವನ್ನು ಮುಚ್ಚಿದಾಗ ಅದರ ಹಿಂದಿನ ಕುಹರಗಳು ಹಿಗ್ಗಿದವು. ದ್ರವವು ಕುಹರಗಳ ಒಳಗೇ, ರಕ್ತನಾಳಗಳ ಗೊಂಚಲಿನಂತಿರುವ ಅಂಗಾಂಶದಲ್ಲಿ ಉತ್ಪತ್ತಿಯಾಗುತ್ತದೆ, ಹರಿವಿಗೆ ತಡೆಯುಂಟಾದರೆ ಒಳಗೇ ತುಂಬಿಕೊಳ್ಳುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಮಕ್ಕಳ ತಲೆಯಲ್ಲಿ ನೀರು ತುಂಬುವ ಕಾಯಿಲೆಯನ್ನು (ಹೈಡ್ರೋಸೆಫಲಸ್) ಅರಿಯಲು ಕೈಗೊಂಡ ಈ ಕೆಲಸ ಮೆದುಳಿನ ರಕ್ತಸ್ರಾವದ ರೋಗಿಗಳಿಗೂ ಮುಂದೆ ಪ್ರಸ್ತುತವಾಯಿತು. ಸುರಿದ ರಕ್ತ ಹೆಪ್ಪುಗಟ್ಟಿ ದ್ರವದ ದಾರಿಯನ್ನು ಮುಚ್ಚುವುದರಿಂದ ಅವರಲ್ಲಿಯೂ ಇದೇ ಸ್ಥಿತಿ ಉಂಟಾಗುತ್ತದೆ.

ಎಕ್ಸ್-ರೇ ಚಿತ್ರದಲ್ಲಿ ತಲೆಬುರುಡೆ ಕಾಣಿಸುತ್ತಿತ್ತೇ ಹೊರತು ಮೆದುಳು ಕಾಣಿಸುತ್ತಿರಲಿಲ್ಲ. ದೇಹದೊಳಗಿನ ಗಾಳಿ ಎಕ್ಸ್-ರೇಯಲ್ಲಿ ಕಪ್ಪಾಗಿ ಎದ್ದು ಕಾಣುವುದನ್ನು ಗಮನಿಸಿದ್ದ ಡ್ಯಾಂಡಿಯವರು, 1918ರಲ್ಲಿ ಮೆದುಳಿನ ಕುಹರದಿಂದ ದ್ರವವನ್ನು ತೆಗೆದು ಆ ಜಾಗಕ್ಕೆ ಗಾಳಿ ತುಂಬಿ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಮರುವರ್ಷ ಬೆನ್ನಿನ ಮೂಲಕ ಗಾಳಿ ಸೇರಿಸುವ ವಿಧಾನವೂ ಬಂತು. ಕುಹರದ ಆಕಾರ ಎತ್ತ ಒತ್ತಲ್ಪಟ್ಟಿದೆ ಎಂಬುದನ್ನು ನೋಡಿ ಗೆಡ್ಡೆ ಎಲ್ಲಿದೆಯೆಂದು ಹೇಳುವುದು ಇದರಿಂದ ಸಾಧ್ಯವಾಯಿತು. ರೋಗಿಗೆ ತೀವ್ರ ತಲೆನೋವು, ವಾಂತಿ ತರುತ್ತಿದ್ದ, ಅಪಾಯವೂ ಇದ್ದ ಈ ಪರೀಕ್ಷೆಯನ್ನು 1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬರುವವರೆಗೂ ಜಗತ್ತಿನಾದ್ಯಂತ ವೈದ್ಯರು ಅವಲಂಬಿಸಿದ್ದರು.

ಮೂರು ಹಾಸಿಗೆಗಳ ಕೊಠಡಿ

1922ರಲ್ಲಿ ಸಹೋದ್ಯೋಗಿ ಜಾರ್ಜ್ ಹ್ಯೂಯರ್ ಬೇರೆ ಊರಿಗೆ ತೆರಳಿದ ಮೇಲೆ ಹಾಪ್ಕಿನ್ಸ್‌ನ ನರಶಸ್ತ್ರಚಿಕಿತ್ಸೆಯ ಹೊಣೆ ಡ್ಯಾಂಡಿಯವರದಾಯಿತು. ಅವರ ಜೊತೆಗಿದ್ದ ಕಿರಿಯ ವೈದ್ಯರು, ಶುಶ್ರೂಷಕಿಯರು, ಸಹಾಯಕರ ತಂಡಕ್ಕೆ ಆಸ್ಪತ್ರೆಯಲ್ಲಿ ಬ್ರೈನ್ ಟೀಮ್ ಎಂಬ ಹೆಸರು ಬಿತ್ತು. ಡ್ಯಾಂಡಿಯವರ ಕೈ ಅತಿವೇಗದ್ದು. ಕುಶಿಂಗ್ ದಿನವಿಡೀ ನಡೆಸುತ್ತಿದ್ದ ಬಗೆಯ ಶಸ್ತ್ರಚಿಕಿತ್ಸೆಗಳನ್ನು ಅವರು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿದ್ದರು. ಮುಂಗೋಪಕ್ಕೂ ಹೆಸರಾಗಿದ್ದರು. ಅವರ ಬಳಿ ತರಬೇತಿ ಆರಂಭಿಸಿದ ಎಲ್ಲರೂ ಅದನ್ನು ಪೂರ್ಣಗೊಳಿಸಲಿಲ್ಲ. ಅದೇ ಸಮಯದಲ್ಲಿ ಬಡವರಿಂದಲೂ ಶಿಕ್ಷಕರು, ಧರ್ಮಬೋಧಕರಂಥವರಿಂದಲೂ ಶುಲ್ಕ ಪಡೆಯದೆ ಚಿಕಿತ್ಸೆ ನೀಡುತ್ತಿದ್ದರು.

1923ರ ಹೊತ್ತಿಗೆ ಶಸ್ತ್ರಚಿಕಿತ್ಸೆಯಾದ ರೋಗಿಗಳಿಗಾಗಿ ಮೂರು ಹಾಸಿಗೆಗಳ ಪ್ರತ್ಯೇಕ ಕೊಠಡಿಯೊಂದು ಸಿದ್ಧವಾಯಿತು. ಅಲ್ಲಿ ವಿಶೇಷ ತರಬೇತಿ ಪಡೆದ ಶುಶ್ರೂಷಕಿಯರು ಹಗಲಿರುಳು ರೋಗಿಯ ಎಚ್ಚರ, ಉಸಿರು, ನಾಡಿಗಳನ್ನು ಗಮನಿಸುತ್ತಿದ್ದರು. ಇಂದಿನ ತೀವ್ರ ನಿಗಾ ಘಟಕಗಳ ಇತಿಹಾಸವನ್ನು ಬರೆಯುವವರಲ್ಲಿ ಹಲವರು ಈ ಕೊಠಡಿಯಿಂದ ಆರಂಭಿಸುತ್ತಾರೆ. ಮೆದುಳಿನ ರೋಗಿಯ ಸ್ಥಿತಿ ನಿಮಿಷಗಳಲ್ಲಿ ಬದಲಾಗಬಲ್ಲದು. ಉತ್ತಮ ಶಸ್ತ್ರಚಿಕಿತ್ಸೆಯಾದ ಮೇಲೂ ರಾತ್ರಿಯ ವೇಳೆ ಯಾರೂ ಗಮನಿಸದೆ ಪ್ರಾಣ ಹೋಗುವುದನ್ನು ತಡೆಯುವುದು ಇದರ ಉದ್ದೇಶವಾಗಿತ್ತು.

ಮೆದುಳಿನ ಸುತ್ತಲಿನ ರಕ್ತಸ್ರಾವ

ಮೆದುಳನ್ನು ಮೂರು ಪೊರೆಗಳು ಆವರಿಸಿವೆ. ನಡುವಿನದು ಜೇಡರ ಬಲೆಯಂತೆ ತೆಳುವಾದದ್ದು. ಅದರ ಕೆಳಗಿನ ಜಾಗದಲ್ಲಿ ದ್ರವವೂ ಮೆದುಳಿಗೆ ರಕ್ತ ಒಯ್ಯುವ ಮುಖ್ಯ ಅಪಧಮನಿಗಳೂ ಇರುತ್ತವೆ. ಈ ಅಪಧಮನಿಗಳು ಕವಲೊಡೆಯುವ ಕಡೆ ಗೋಡೆ ದುರ್ಬಲವಾಗಿದ್ದರೆ ಅಲ್ಲಿ ಸಣ್ಣ ಹಣ್ಣಿನಂತಹ ಉಬ್ಬು (ಅನ್ಯೂರಿಸಮ್) ಬೆಳೆಯಬಹುದು. ಅದು ಒಡೆದಾಗ ರಕ್ತ ಒತ್ತಡದಿಂದ ಮೆದುಳಿನ ಸುತ್ತ ನುಗ್ಗುತ್ತದೆ. ಪೆಟ್ಟಿಲ್ಲದೆ ಆಗುವ ಸಬ್‌ಅರಾಕ್ನಾಯ್ಡ್ ರಕ್ತಸ್ರಾವಗಳಲ್ಲಿ ಸುಮಾರು ಶೇ. 85ರಷ್ಟಕ್ಕೆ ಇಂತಹ ಉಬ್ಬು ಒಡೆಯುವುದೇ ಕಾರಣ. ಇದ್ದಕ್ಕಿದ್ದಂತೆ, ಕ್ಷಣಾರ್ಧದಲ್ಲಿ ಪರಾಕಾಷ್ಠೆಗೇರುವ, ಹಿಂದೆಂದೂ ಕಂಡಿರದಷ್ಟು ತೀವ್ರವಾದ ತಲೆನೋವು ಇದರ ಮುಖ್ಯ ಲಕ್ಷಣ. ವಾಂತಿ, ಕತ್ತು ಬಿಗಿಯುವುದು, ಬೆಳಕು ಸಹಿಸಲಾಗದಿರುವುದು, ಪ್ರಜ್ಞೆ ತಪ್ಪುವುದು ಜೊತೆಗೂಡಬಹುದು.

ಬಹುಕಾಲ ಈ ರೋಗವನ್ನು ಮರಣೋತ್ತರ ಪರೀಕ್ಷೆಯಲ್ಲಿ ಮಾತ್ರ ಗುರುತಿಸಲಾಗುತ್ತಿತ್ತು. 1891ರಲ್ಲಿ ಜರ್ಮನಿಯ ಹೈನ್‌ರಿಚ್ ಕ್ವಿಂಕೆ ಬೆನ್ನಿನಿಂದ ದ್ರವ ತೆಗೆಯುವ ವಿಧಾನವನ್ನು ಪ್ರಕಟಿಸಿದ ಮೇಲೆ, ರಕ್ತ ಬೆರೆತ ದ್ರವವನ್ನು ಕಂಡು ಬದುಕಿರುವ ರೋಗಿಯಲ್ಲಿಯೇ ಪತ್ತೆಹಚ್ಚುವುದು ಸಾಧ್ಯವಾಯಿತು. ಇಂಗ್ಲೆಂಡಿನ ಚಾರ್ಲ್ಸ್ ಸೈಮಂಡ್ಸ್ 1924ರಲ್ಲಿ ಈ ರಕ್ತಸ್ರಾವದ ಲಕ್ಷಣಗಳನ್ನು ವ್ಯವಸ್ಥಿತವಾಗಿ ವಿವರಿಸಿದರು. ಅವರಿಗೆ ಈ ವಿಷಯದಲ್ಲಿ ಆಸಕ್ತಿ ಮೂಡಿದ್ದು ಬಾಸ್ಟನ್ನಿನಲ್ಲಿ ಕುಶಿಂಗ್ ಅವರ ವಿಭಾಗದಲ್ಲಿದ್ದಾಗ. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಮೆದುಳಿನ ರಕ್ತನಾಳಗಳನ್ನು ಎಕ್ಸ್-ರೇಯಲ್ಲಿ ಕಾಣಿಸುವ ಆಂಜಿಯೋಗ್ರಫಿಯನ್ನು ಆರಂಭಿಸಿದರು.

ಆದರೆ ರೋಗ ಪತ್ತೆಯಾದರೂ ಮಾಡಬಹುದಾದದ್ದು ಅಲ್ಪವಾಗಿತ್ತು. ರೋಗಿಯನ್ನು ಕತ್ತಲೆಯ ಕೋಣೆಯಲ್ಲಿ ವಾರಗಟ್ಟಲೆ ಅಲುಗಾಡದಂತೆ ಮಲಗಿಸಿ ಕಾಯುವುದೇ ಸಾಮಾನ್ಯ ಕ್ರಮ. ಮೊದಲ ರಕ್ತಸ್ರಾವದಿಂದ ಚೇತರಿಸಿಕೊಂಡು ಮಾತನಾಡುತ್ತಿದ್ದವರು ಕೆಲವು ದಿನಗಳಲ್ಲಿ ಎರಡನೆಯ ಸಲ ಉಬ್ಬು ಒಡೆದು ಸಾಯುವುದು ಸಾಮಾನ್ಯವಾಗಿತ್ತು. ಕತ್ತಿನಲ್ಲಿ ಮುಖ್ಯ ಅಪಧಮನಿಯನ್ನೇ ಕಟ್ಟಿ ರಕ್ತದ ಒತ್ತಡವನ್ನು ತಗ್ಗಿಸುವ ಕ್ರಮ 19ನೆಯ ಶತಮಾನದಿಂದಲೂ ಇತ್ತು. ಅದರಿಂದ ಮೆದುಳಿಗೆ ರಕ್ತ ಸಾಲದೆ ಪಾರ್ಶ್ವವಾಯು ಬಡಿಯುವ ಭಯವಿತ್ತು. 1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ತಲೆಬುರುಡೆಯನ್ನು ತೆರೆದು, ಒಡೆದ ಉಬ್ಬಿನ ಸುತ್ತ ರೋಗಿಯ ತೊಡೆಯಿಂದ ತೆಗೆದ ಸ್ನಾಯುವಿನ ತುಂಡನ್ನು ಸುತ್ತಿ ರಕ್ತವನ್ನು ನಿಲ್ಲಿಸಿದರು. ಉಬ್ಬಿನ ಮೇಲೆಯೇ ಯೋಜಿತವಾಗಿ ನಡೆದ ಮೊದಲ ಶಸ್ತ್ರಚಿಕಿತ್ಸೆ ಅದು. ಆದರೂ ಉಬ್ಬು ಅಲ್ಲಿಯೇ ಉಳಿಯಿತು.

1937ರ ಶಸ್ತ್ರಚಿಕಿತ್ಸೆ

1937ರ ಮಾರ್ಚ್‌ನಲ್ಲಿ 43 ವರ್ಷದ ಪುರುಷನೊಬ್ಬ ಹಾಪ್ಕಿನ್ಸ್ ಆಸ್ಪತ್ರೆಗೆ ದಾಖಲಾದ. ಬಲಗಣ್ಣಿನ ಸುತ್ತ ನೋವು, ಒಂದು ವಸ್ತು ಎರಡಾಗಿ ಕಾಣುವುದು ಮತ್ತು ಬಲ ರೆಪ್ಪೆ ಜೋತುಬೀಳುವುದು ಅವನ ತೊಂದರೆಗಳಾಗಿದ್ದವು. ಕಣ್ಣನ್ನು ತಿರುಗಿಸುವ, ರೆಪ್ಪೆಯನ್ನು ಎತ್ತುವ ಮೂರನೆಯ ಕಪಾಲ ನರ ಬಲಗಡೆ ಸೋತಿತ್ತು. ಈ ನರ ಮೆದುಳಿನ ತಳದಲ್ಲಿ ಒಳಗಿನ ಕೆರೊಟಿಡ್ ಅಪಧಮನಿಗೆ ಬಹಳ ಹತ್ತಿರದಲ್ಲಿ ಹಾದುಹೋಗುತ್ತದೆ. ಹಠಾತ್ತಾಗಿ ನೋವಿನೊಂದಿಗೆ ಅದು ಸೋತರೆ ಅಲ್ಲಿ ಅಪಧಮನಿಯ ಉಬ್ಬು ಒತ್ತುತ್ತಿರಬೇಕೆಂದು ತರ್ಕಿಸಬಹುದು. ಡ್ಯಾಂಡಿಯವರು ಆಂಜಿಯೋಗ್ರಫಿ ಮಾಡದೆ, ಈ ಲಕ್ಷಣಗಳ ಆಧಾರದ ಮೇಲೆಯೇ ಉಬ್ಬಿನ ಸ್ಥಳವನ್ನು ನಿರ್ಧರಿಸಿದರು.

ಮಾರ್ಚ್ 23ರಂದು ಹಣೆಯ ಬದಿಯಿಂದ ತಲೆಬುರುಡೆಯನ್ನು ತೆರೆದು ಮೆದುಳಿನ ಮುಂಭಾಗವನ್ನು ಮೆಲ್ಲಗೆ ಎತ್ತಿ ನೋಡಿದಾಗ, ಊಹಿಸಿದ್ದ ಜಾಗದಲ್ಲಿಯೇ ಬಟಾಣಿ ಕಾಳಿನ ಗಾತ್ರದ ಉಬ್ಬು ಕಂಡಿತು. ಅದಕ್ಕೆ ಕಿರಿದಾದ ಕತ್ತಿತ್ತು. ಈ ಕತ್ತು ಇದ್ದದ್ದೇ ಅದೃಷ್ಟ. ಅಗಲವಾದ ಬುಡವಿದ್ದಿದ್ದರೆ ಆ ಕಾಲದ ಉಪಕರಣಗಳಿಂದ ಮುಂದುವರಿಯುವುದು ಕಷ್ಟವಾಗುತ್ತಿತ್ತು. ಡ್ಯಾಂಡಿಯವರು ಚಪ್ಪಟೆಯಾದ ಬೆಳ್ಳಿಯ ಕ್ಲಿಪ್ಪನ್ನು ಅಪಧಮನಿಯ ಗೋಡೆಗೆ ತಾಗುವಂತೆ ಕತ್ತಿನ ಮೇಲೆ ಕೂರಿಸಿ ಬಿಗಿದರು. ಉಬ್ಬಿಗೆ ರಕ್ತ ಹೋಗುವುದು ನಿಂತಿತು, ಮುಖ್ಯ ಅಪಧಮನಿಯಲ್ಲಿ ಹರಿವು ಮುಂದುವರಿಯಿತು. ಬಳಿಕ ವಿದ್ಯುತ್ ಕಾವಿನಿಂದ ಉಬ್ಬನ್ನು ಸುಟ್ಟು ಕುಗ್ಗಿಸಿದರು. ಇಂದು ಈ ಕೆಲಸಕ್ಕೆ ಬಳಸುವ ಸೂಕ್ಷ್ಮದರ್ಶಕವಾಗಲಿ, ತಪ್ಪಾಗಿ ಕೂತರೆ ತೆಗೆದು ಮತ್ತೆ ಹಾಕಬಲ್ಲ ಸ್ಪ್ರಿಂಗ್ ಕ್ಲಿಪ್ಪಾಗಲಿ ಅಂದು ಇರಲಿಲ್ಲ. ರೋಗಿ ಚೇತರಿಸಿಕೊಂಡ, ಮುಂದಿನ ತಿಂಗಳುಗಳಲ್ಲಿ ಕಣ್ಣಿನ ನರವೂ ಸರಿಹೋಯಿತು. 1938ರಲ್ಲಿ ಈ ಶಸ್ತ್ರಚಿಕಿತ್ಸೆಯ ವರದಿ ಪ್ರಕಟವಾಯಿತು.

ಕಾದು ನೋಡುವುದರ ಬದಲು ರಕ್ತಸ್ರಾವದ ಮೂಲವನ್ನೇ ಮುಚ್ಚಬಹುದು, ಅದೂ ಮೆದುಳಿಗೆ ಹೋಗುವ ರಕ್ತವನ್ನು ನಿಲ್ಲಿಸದೆ, ಎಂಬುದು ಈ ಶಸ್ತ್ರಚಿಕಿತ್ಸೆಯಿಂದ ಸಿದ್ಧವಾಯಿತು. ನಂತರದ ವರ್ಷಗಳಲ್ಲಿ ಡ್ಯಾಂಡಿಯವರು ಇಂತಹ ಅನೇಕ ರೋಗಿಗಳಿಗೆ ಚಿಕಿತ್ಸೆ ನೀಡಿದರು. ಎಲ್ಲವೂ ಮೊದಲನೆಯದರಂತೆ ಸುಗಮವಾಗಿರಲಿಲ್ಲ. ಕ್ಲಿಪ್ ಹಾಕಲಾಗದ ಕಡೆ ಉಬ್ಬಿನ ಎರಡೂ ಬದಿಗಳಲ್ಲಿ ಅಪಧಮನಿಯನ್ನು ಕಟ್ಟಬೇಕಾಗುತ್ತಿತ್ತು. ನೂರಕ್ಕೂ ಹೆಚ್ಚು ರೋಗಿಗಳ ಅನುಭವವನ್ನು ಒಳಗೊಂಡ, ಮೆದುಳಿನ ಅಪಧಮನಿಗಳ ಉಬ್ಬುಗಳನ್ನು ಕುರಿತ ಅವರ ಗ್ರಂಥ 1944ರಲ್ಲಿ ಹೊರಬಂತು. ಆ ವಿಷಯಕ್ಕೇ ಮೀಸಲಾದ ಮೊದಲ ಗ್ರಂಥಗಳಲ್ಲಿ ಅದು ಒಂದು.

ಇತರ ಕೆಲಸಗಳು

ಬೆನ್ನುಮೂಳೆಗಳ ನಡುವಿನ ಮೆತ್ತೆಯ ಚೂರು ಜಾರಿ ನರವನ್ನು ಒತ್ತುವುದರಿಂದ ಸೊಂಟ ಮತ್ತು ಕಾಲಿನ ನೋವು ಬರಬಹುದೆಂದು ಡ್ಯಾಂಡಿಯವರು 1929ರಲ್ಲಿ ಇಬ್ಬರು ರೋಗಿಗಳ ಉದಾಹರಣೆಯೊಂದಿಗೆ ಬರೆದರು. ಇದಕ್ಕೆ ವ್ಯಾಪಕ ಮನ್ನಣೆ ಸಿಕ್ಕಿದ್ದು ಮಾತ್ರ 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಪ್ರಕಟಿಸಿದ ಲೇಖನಕ್ಕೆ. ಮುಖದ ಅಸಹನೀಯ ನರಶೂಲೆಗೆ ಶಸ್ತ್ರಚಿಕಿತ್ಸೆ, ಕುಹರದೊಳಗೆ ನೋಡುವ ಕೊಳವೆಯ ಬಳಕೆ ಇವೂ ಅವರ ಕಾರ್ಯಕ್ಷೇತ್ರದಲ್ಲಿದ್ದವು. 1937ರ ಜುಲೈನಲ್ಲಿ ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್ ಮೆದುಳಿನ ಗೆಡ್ಡೆಯಿಂದ ಲಾಸ್ ಏಂಜಲೀಸ್‌ನಲ್ಲಿ ಪ್ರಜ್ಞೆ ತಪ್ಪಿದಾಗ, ರಜೆಯಲ್ಲಿ ನೌಕಾವಿಹಾರದಲ್ಲಿದ್ದ ಡ್ಯಾಂಡಿಯವರನ್ನು ಹುಡುಕಿಸಿ ವಿಮಾನದಲ್ಲಿ ಕರೆತರುವ ಪ್ರಯತ್ನ ನಡೆಯಿತು. ಅವರು ನ್ಯೂಆರ್ಕ್ ತಲುಪುವ ಹೊತ್ತಿಗೆ ಕಾಲ ಮೀರಿತ್ತು. ಬೇರೆ ವೈದ್ಯರು ಶಸ್ತ್ರಚಿಕಿತ್ಸೆ ನಡೆಸಿದರೂ ಗರ್ಶ್ವಿನ್ ಬದುಕುಳಿಯಲಿಲ್ಲ. ಬೇಸ್‌ಬಾಲ್ ಆಟಗಾರರ ತಲೆಗೆ ಚೆಂಡು ಬಡಿಯುವುದನ್ನು ಕಂಡು, ಮೂಳೆತಜ್ಞ ಜಾರ್ಜ್ ಬೆನೆಟ್ ಅವರೊಂದಿಗೆ ರಕ್ಷಣಾ ಟೋಪಿಯೊಂದನ್ನು ರೂಪಿಸಿದರು. ಬ್ರೂಕ್ಲಿನ್ ಡಾಡ್ಜರ್ಸ್ ತಂಡ 1941ರಲ್ಲಿ ಅದನ್ನು ಬಳಸಿತು.

ವೈಯಕ್ತಿಕ ಜೀವನ ಮತ್ತು ನಿಧನ

ಡ್ಯಾಂಡಿಯವರು 1924ರಲ್ಲಿ ಸೇಡಿ ಮಾರ್ಟಿನ್ ಅವರನ್ನು ವಿವಾಹವಾದರು. ಅವರಿಗೆ ಒಬ್ಬ ಮಗ, ಮೂವರು ಹೆಣ್ಣುಮಕ್ಕಳು. ಮಗ ವಾಲ್ಟರ್ ಕೂಡ ವೈದ್ಯರಾದರು. ಸಂಜೆಯ ಹೊತ್ತನ್ನು ಮನೆಯವರೊಂದಿಗೆ ಕಳೆಯುವುದು ಡ್ಯಾಂಡಿಯವರ ರೂಢಿಯಾಗಿತ್ತು. ಸಮ್ಮೇಳನ, ಸಂಘಸಂಸ್ಥೆಗಳ ಓಡಾಟ ಅವರಿಗೆ ಹಿಡಿಸುತ್ತಿರಲಿಲ್ಲ. 1946ರ ಏಪ್ರಿಲ್ ಆರಂಭದಲ್ಲಿ ಅವರಿಗೆ ಹೃದಯಾಘಾತವಾಯಿತು. ಚೇತರಿಸಿಕೊಳ್ಳುತ್ತಿದ್ದಾಗ ಮತ್ತೊಮ್ಮೆ ಆಘಾತವಾಗಿ ಏಪ್ರಿಲ್ 19ರಂದು, 60 ತುಂಬಿದ ಎರಡೇ ವಾರಗಳಲ್ಲಿ, ತಾವು ದುಡಿದ ಆಸ್ಪತ್ರೆಯಲ್ಲಿಯೇ ನಿಧನರಾದರು.

ನಂತರದ ಬೆಳವಣಿಗೆಗಳು ಮತ್ತು ರೋಗಿಯ ಉಳಿವು

ಉಬ್ಬಿಗೆ ಕ್ಲಿಪ್ ಹಾಕುವುದು ಸಾಧ್ಯವೆಂದು ತಿಳಿದ ಮೇಲೆ, ಯಾವ ರೋಗಿಗೆ ಯಾವಾಗ ಎಂಬ ಪ್ರಶ್ನೆ ಎದ್ದಿತು. 1956ರಲ್ಲಿ ಕೆನಡಾದ ಬಾಟೆರೆಲ್ ಮತ್ತು ಸಂಗಡಿಗರು, 1968ರಲ್ಲಿ ಅಮೆರಿಕದ ಹಂಟ್ ಮತ್ತು ಹೆಸ್ ರೋಗಿಗಳನ್ನು ದಾಖಲಾಗುವಾಗಿನ ಸ್ಥಿತಿಯನ್ನು ಅನುಸರಿಸಿ ದರ್ಜೆಗಳಾಗಿ ವಿಂಗಡಿಸಿದರು. ಹಂಟ್–ಹೆಸ್ ಕ್ರಮದ ಒಂದನೆಯ ದರ್ಜೆಯವರಿಗೆ ಅಲ್ಪ ತಲೆನೋವಷ್ಟೇ ಇರುತ್ತದೆ. ಐದನೆಯವರು ಆಳವಾದ ಪ್ರಜ್ಞಾಹೀನತೆಯಲ್ಲಿರುತ್ತಾರೆ. ಆಸ್ಪತ್ರೆಗೆ ಬಂದಾಗಿನ ಎಚ್ಚರದ ಮಟ್ಟವೇ ರೋಗಿ ಉಳಿಯುವನೋ ಇಲ್ಲವೋ ಎಂಬುದರ ಅತ್ಯಂತ ಬಲವಾದ ಸೂಚಕವೆಂದು ಇಂದಿಗೂ ಪರಿಗಣಿತವಾಗಿದೆ. ವಯಸ್ಸು, ಸ್ಕ್ಯಾನ್‌ನಲ್ಲಿ ಕಾಣುವ ರಕ್ತದ ಪ್ರಮಾಣ, ಉಬ್ಬಿನ ಗಾತ್ರ ಮತ್ತು ಸ್ಥಳ, ಮೊದಲೇ ಇದ್ದ ಕಾಯಿಲೆಗಳು ಇದರ ಜೊತೆಗೆ ಬರುತ್ತವೆ. ಇವು ವೈದ್ಯರ ಕೈಯಲ್ಲಿಲ್ಲ.

ಕೈಯಲ್ಲಿರುವವು ನಾಲ್ಕಾರು. ಎರಡನೆಯ ರಕ್ತಸ್ರಾವದ ಅಪಾಯ ಮೊದಲ 24 ಗಂಟೆಗಳಲ್ಲಿ ಅತಿ ಹೆಚ್ಚು. ಅದನ್ನು ತಡೆಯಲು ಉಬ್ಬನ್ನು ಬೇಗ ಮುಚ್ಚಬೇಕು. ದ್ರವ ತುಂಬಿಕೊಂಡರೆ ಕುಹರಕ್ಕೆ ಕೊಳವೆ ಇಟ್ಟು ಹೊರಗೆ ಹರಿಸಬೇಕು. ಹಗಲಿರುಳಿನ ನಿಗಾ ಬೇಕು. ಈ ಮೂರರ ಬೇರುಗಳೂ 1914, 1923 ಮತ್ತು 1937ರ ಡ್ಯಾಂಡಿಯವರ ಕೆಲಸಗಳಲ್ಲಿವೆ. ನಾಲ್ಕನೆಯದು ಅವರ ಕಾಲಕ್ಕೆ ಅರಿವಾಗಿರಲಿಲ್ಲ. ರಕ್ತಸ್ರಾವವಾದ ಸುಮಾರು ನಾಲ್ಕನೆಯ ದಿನದಿಂದ ಎರಡು ವಾರಗಳವರೆಗೆ ಮೆದುಳಿನ ಅಪಧಮನಿಗಳು ಸಂಕುಚಿತವಾಗಿ, ಉಬ್ಬನ್ನು ಚೆನ್ನಾಗಿ ಮುಚ್ಚಿದ್ದರೂ, ಮೆದುಳಿಗೆ ರಕ್ತ ಸಾಲದೆ ಹಾನಿಯಾಗಬಹುದು. ಇದು 1951ರಲ್ಲಿ ಆಂಜಿಯೋಗ್ರಫಿಯಿಂದ ತಿಳಿದುಬಂತು. 1989ರಲ್ಲಿ ಬ್ರಿಟನ್ನಿನಲ್ಲಿ ನಡೆದ ಅಧ್ಯಯನದಲ್ಲಿ ನಿಮೋಡಿಪಿನ್ ಎಂಬ ಔಷಧ ಈ ಹಾನಿಯನ್ನು ಕಡಿಮೆ ಮಾಡುವುದು ಕಂಡುಬಂದ ಮೇಲೆ, ಅದನ್ನು 21 ದಿನಗಳ ಕಾಲ ನೀಡುವುದು ವಾಡಿಕೆಯಾಯಿತು.

1960ರ ದಶಕದಲ್ಲಿ ಗಾಜಿ ಯಾಶರ್ಗಿಲ್ ಮೊದಲಾದವರು ಸೂಕ್ಷ್ಮದರ್ಶಕವನ್ನು ಶಸ್ತ್ರಚಿಕಿತ್ಸೆಗೆ ತಂದರು. 1990ರ ದಶಕದಿಂದ ತಲೆಬುರುಡೆಯನ್ನು ತೆರೆಯದೆ, ತೊಡೆಯ ಸಂದಿನ ಅಪಧಮನಿಯ ಮೂಲಕ ತೆಳುವಾದ ಕೊಳವೆ ತೂರಿಸಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿಗಳನ್ನು ತುಂಬುವ ವಿಧಾನ ಬಳಕೆಗೆ ಬಂತು. ಎರಡೂ ವಿಧಾನಗಳಿಗೆ ಸೂಕ್ತವಾದ ರೋಗಿಗಳಲ್ಲಿ ಸುರುಳಿ ಪಡೆದವರ ಒಂದು ವರ್ಷದ ಫಲಿತಾಂಶ ಉತ್ತಮವೆಂದು 2002ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ಕ್ಲಿಪ್ ಬಳಕೆ ನಿಂತಿಲ್ಲ. ಅಗಲವಾದ ಬುಡದ ಅಥವಾ ಕೊಳವೆಗೆ ಎಟುಕದ ಉಬ್ಬುಗಳಿಗೆ ಅದೇ ಯೋಗ್ಯ. ಇಷ್ಟೆಲ್ಲ ಆದರೂ ಈ ರೋಗ ತಗುಲಿದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಸಾವಿಗೀಡಾಗುತ್ತಾರೆ, ಕೆಲವರು ಆಸ್ಪತ್ರೆ ತಲುಪುವ ಮೊದಲೇ. ಬದುಕುಳಿದವರಲ್ಲಿಯೂ ಹಲವರಿಗೆ ನೆನಪು, ಏಕಾಗ್ರತೆಗಳ ತೊಂದರೆ ಉಳಿಯುತ್ತದೆ. ಧೂಮಪಾನ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಮತ್ತು ಅತಿಯಾದ ಮದ್ಯಪಾನ ತಡೆಯಬಹುದಾದ ಮುಖ್ಯ ಕಾರಣಗಳು.

ಬೆಂಗಳೂರಿನಲ್ಲಿ

ಭಾರತದಲ್ಲಿ ನರಶಸ್ತ್ರಚಿಕಿತ್ಸೆ ಡ್ಯಾಂಡಿಯವರ ನಿಧನದ ಬಳಿಕ, 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರಿಂದಲೂ 1950ರಲ್ಲಿ ಮದರಾಸಿನಲ್ಲಿ ಬಿ. ರಾಮಮೂರ್ತಿಯವರಿಂದಲೂ ಪ್ರತ್ಯೇಕ ವಿಭಾಗವಾಗಿ ಆರಂಭವಾಯಿತು. ಬೆಂಗಳೂರಿಗೆ ಅದು ಬಂದದ್ದು ಮಾನಸಿಕ ಆಸ್ಪತ್ರೆಯ ದಾರಿಯಿಂದ. ಹಳೆಯ ಪೇಟೆಯಲ್ಲಿದ್ದ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯನ್ನು 1930ರ ದಶಕದಲ್ಲಿ ಆಗ ಊರ ಹೊರಗಿದ್ದ ಲಕ್ಕಸಂದ್ರಕ್ಕೆ ವರ್ಗಾಯಿಸಲಾಯಿತು. ಅದರ ಮುಖ್ಯಸ್ಥರಾದ ಎಂ. ವಿ. ಗೋವಿಂದಸ್ವಾಮಿಯವರು ಉನ್ನತ ತರಬೇತಿ ಪಡೆದ ಸಂಸ್ಥೆಗಳಲ್ಲಿ ಜಾನ್ಸ್ ಹಾಪ್ಕಿನ್ಸ್ ಒಂದು. ಅವರು ಕಲಿತದ್ದು ಮನೋವೈದ್ಯ ಅಡಾಲ್ಫ್ ಮೇಯರ್ ಅವರ ಬಳಿ, ಡ್ಯಾಂಡಿಯವರ ಬಳಿಯಲ್ಲ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1958ರಲ್ಲಿ ಆರ್. ಮಾರ್ತಾಂಡ ವರ್ಮ ಅವರು ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದುಗೂಡಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ಆಯಿತು. ವರ್ಮ ಅವರು ಅದರ ನಿರ್ದೇಶಕರಾದರು.

ಜಯನಗರ, ಬಿ.ಟಿ.ಎಂ. ಬಡಾವಣೆಗಳ ಜನರಿಗೆ ಹೊಸೂರು ರಸ್ತೆಯ ಈ ಆಸ್ಪತ್ರೆ ಹತ್ತಿರದ್ದು, ಬನಶಂಕರಿ, ಜೆ.ಪಿ. ನಗರಗಳಿಂದಲೂ ದೂರವೇನಲ್ಲ. ಆದರೂ ಹಠಾತ್ ತಲೆನೋವನ್ನು ಮೈಗ್ರೇನ್, ಪಿತ್ತ ಅಥವಾ ಬಿಸಿಲಿನ ಝಳವೆಂದು ಭಾವಿಸಿ ಮಾತ್ರೆ ನುಂಗಿ ಮಲಗುವುದು ಅಪರೂಪವಲ್ಲ. ಮೊದಲ ರಕ್ತಸ್ರಾವ ಚಿಕ್ಕದಾಗಿದ್ದರೆ ನೋವು ಸ್ವಲ್ಪ ತಗ್ಗುತ್ತದೆ. ರೋಗಿ ನಡೆದಾಡುತ್ತಾನೆ, ಮಾತನಾಡುತ್ತಾನೆ. ಚಿಕಿತ್ಸೆಯಿಂದ ಅತಿ ಹೆಚ್ಚು ಪ್ರಯೋಜನ ಪಡೆಯುವವರು ಈ ಸ್ಥಿತಿಯಲ್ಲಿರುವವರೇ. ಸಿ.ಟಿ. ಸ್ಕ್ಯಾನ್ ಮೊದಲ ಆರು ಗಂಟೆಗಳಲ್ಲಿ ಇಂತಹ ರಕ್ತಸ್ರಾವವನ್ನು ಬಹುತೇಕ ತಪ್ಪದೆ ತೋರಿಸುತ್ತದೆ. ದಿನಗಳು ಕಳೆದಂತೆ ರಕ್ತ ಕರಗಿ ಸ್ಕ್ಯಾನ್‌ನಲ್ಲಿ ಕಾಣದೆ ಹೋಗಬಹುದು, ಆಗ ಕ್ವಿಂಕೆಯವರ ಕಾಲದಂತೆ ಬೆನ್ನಿನಿಂದ ದ್ರವ ತೆಗೆದು ನೋಡಬೇಕಾಗುತ್ತದೆ. ಡ್ಯಾಂಡಿಯವರ ಬೆಳ್ಳಿಯ ಕ್ಲಿಪ್ ಈಗ ಬಳಕೆಯಲ್ಲಿಲ್ಲ. ಇಂದಿನವು ಹೆಚ್ಚಾಗಿ ಟೈಟೇನಿಯಂ ಲೋಹದವು, ಎಂ.ಆರ್.ಐ. ಯಂತ್ರದ ಅಯಸ್ಕಾಂತ ಅವುಗಳನ್ನು ಎಳೆಯುವುದಿಲ್ಲ.